ಪಂಚಾಯಿತಿ ಠರಾವು ಮಾಡಿದ ಮಾತ್ರಕ್ಕೆ ಹೊಲವನ್ನು ರಸ್ತೆಗೆ ಬಿಟ್ಟುಕೊಡಬೇಕೇ?

ಹಿಂಬದಿಯ ಮನೆಗಳಿಗೆ ದಾರಿ ಬೇಕೆಂದು ಗ್ರಾಮ ಪಂಚಾಯಿತಿ ಠರಾವು ಮಾಡಿ, ನಿಮ್ಮ ಹೊಲದ ಅಂಚನ್ನು ಬಿಡುವಂತೆ ಹೇಳುತ್ತಿದೆ, ಒಪ್ಪಲೇಬೇಕೇ ಎಂದು ಕೇಳಿದ್ದೀರಿ. ಠರಾವು ಒಂದರಿಂದಲೇ ನಿಮ್ಮ ಜಮೀನು ರಸ್ತೆಯಾಗುವುದಿಲ್ಲ. ಆಸ್ತಿಯ ಹಕ್ಕು 1978ರ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದರೂ, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂದು ಸಂವಿಧಾನದ 300ಎ ವಿಧಿ ಹೇಳುತ್ತದೆ.

ಆದರೆ ವಾದಕ್ಕೆ ಇಳಿಯುವ ಮೊದಲು ಗ್ರಾಮ ನಕಾಶೆಯನ್ನು ತೆಗೆಸಿ ನೋಡಿ. ಅದರಲ್ಲಿ ಆ ಜಾಗದಲ್ಲಿ ಕಾಲುದಾರಿಯೋ ಬಂಡಿದಾರಿಯೋ ಗುರುತಾಗಿದ್ದರೆ, ನೀವು ಎಷ್ಟೇ ವರ್ಷ ಅದನ್ನು ಉತ್ತು ಬಿತ್ತಿದ್ದರೂ, ನಿಮ್ಮ ವಾದ ಬಹಳ ದುರ್ಬಲವಾಗುತ್ತದೆ. ನಕಾಶೆಯಲ್ಲಿ ಇಲ್ಲದಿದ್ದರೂ, ಜನರು 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದ್ದರೆ 1882ರ ಅನುಭೋಗದ ಹಕ್ಕುಗಳ ಕಾಯಿದೆಯಡಿ ದಾರಿಯ ಹಕ್ಕನ್ನು ಕೇಳಬಹುದು.

ಇವೆರಡೂ ಇಲ್ಲವಾದರೆ ಉಳಿಯುವುದು ನಿಮ್ಮ ಒಪ್ಪಿಗೆ ಅಥವಾ ಭೂಸ್ವಾಧೀನ. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯಿದೆಯಂತೆ ಸರ್ಕಾರ ಪ್ರಾಥಮಿಕ ಅಧಿಸೂಚನೆ ಹೊರಡಿಸಬೇಕು. 60 ದಿನಗಳೊಳಗೆ ನೀವು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಅದನ್ನು ಅಧಿಕಾರಿ ಆಲಿಸಲೇಬೇಕು. ಗ್ರಾಮೀಣ ಜಮೀನಿನ ಮಾರುಕಟ್ಟೆ ಬೆಲೆಯನ್ನು ಪೇಟೆಯಿಂದ ಇರುವ ದೂರಕ್ಕೆ ತಕ್ಕಂತೆ ಒಂದರಿಂದ ಎರಡು ಪಟ್ಟಿನವರೆಗೆ ಹೆಚ್ಚಿಸಿ, ಮರ, ಬಾವಿಗಳ ಬೆಲೆಯನ್ನೂ ಕೂಡಿಸಿ, ಒಟ್ಟು ಮೊತ್ತದಷ್ಟೇ ಇನ್ನೊಂದು ಮೊತ್ತವನ್ನು ಸೊಲೇಷಿಯಂ, ಅಂದರೆ ಜಮೀನು ಕಳೆದುಕೊಂಡಿದ್ದಕ್ಕೆ ಸಮಾಧಾನವಾಗಿ ಕೊಡುವ ಹೆಚ್ಚುವರಿ ಹಣ, ಎಂದು ಕೊಡಬೇಕು. ಪರಿಹಾರ ಕಡಿಮೆಯೆನಿಸಿದರೆ ಹೆಚ್ಚಳ ಕೇಳುವ ದಾರಿಯೂ ಅದೇ ಕಾಯಿದೆಯಲ್ಲಿದೆ.

ಹಿಮಾಚಲ ಪ್ರದೇಶದ ಹಮೀರ್‌ಪುರ ಜಿಲ್ಲೆಯಲ್ಲಿ 1967-68ರಲ್ಲಿ ಸ್ವಾಧೀನದ ಯಾವ ಕ್ರಮವೂ ಇಲ್ಲದೆ ಒಬ್ಬ ಅನಕ್ಷರಸ್ಥ ವಿಧವೆಯ ಜಮೀನಿನಲ್ಲಿ ರಸ್ತೆ ಮಾಡಲಾಗಿತ್ತು. ಇಷ್ಟು ವರ್ಷ ನಮ್ಮ ವಶದಲ್ಲಿದೆ, ಆದ್ದರಿಂದ ನಮ್ಮದೇ ಎಂದು ಸರ್ಕಾರವೇ ವಾದಿಸಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ತೀರ್ಪು ಬರುವಷ್ಟರಲ್ಲಿ ಆಕೆಗೆ 80 ವರ್ಷವಾಗಿತ್ತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ನೀವು ಈಗಲೇ ಎಚ್ಚರವಹಿಸಬೇಕು ಎನ್ನುವುದು ಅದಕ್ಕಾಗಿಯೇ.

ಹಿಂಬದಿಯ ಮನೆಗಳವರಿಗೆ ದಾರಿ ನಿಜಕ್ಕೂ ಬೇಕಿರಬಹುದು, ಆಂಬ್ಯುಲೆನ್ಸ್ ಹೋಗದ ಕೇರಿಯ ಕಷ್ಟವನ್ನು ಅಲ್ಲಗಳೆಯಲಾಗದು. ನೀವಾಗಿಯೇ ಬಿಟ್ಟುಕೊಡಲು ಮನಸ್ಸು ಮಾಡಿದರೂ ಮೊದಲು ಸರ್ವೆ ಮಾಡಿಸಿ, ಎಷ್ಟು ಗುಂಟೆ ಎಂಬುದನ್ನು ನಕ್ಷೆಸಹಿತ ಬರೆಸಿಕೊಳ್ಳಿ. ಅಳತೆಯಿಲ್ಲದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಒಪ್ಪದಿದ್ದರೆ ಪಂಚಾಯಿತಿಗೂ ತಹಶೀಲ್ದಾರರಿಗೂ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಷ್ಟಾದ ಮೇಲೂ ಜೆಸಿಬಿ ಬಂದರೆ ಆ ಸ್ವೀಕೃತಿಯ ಪ್ರತಿಯೊಂದಿಗೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಬಹುದು.