ಲಂಡನ್ನಿನಲ್ಲಿ ಆಫೀಸು, ಹಳ್ಳಿಯಲ್ಲಿ ಬಾಡಿಗೆ ಮನೆ: ಮಕ್ಕಳಿರುವ ಸಂಸಾರಕ್ಕೆ ಹೊಂದುತ್ತಾ?

ನೀವು ಕೇಳಿರುವುದು ಇಷ್ಟು: ಲಂಡನ್ನಿನಲ್ಲಿ ಕೆಲಸ ಸಿಕ್ಕಿದೆ, ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಬೇಕು. ಹೆಂಡತಿ, ಒಂಬತ್ತು ವರ್ಷದ ಮಗ, ಮೂರೂವರೆ ವರ್ಷದ ಮಗಳು ಜೊತೆಗೆ ಬರುತ್ತಾರೆ. ಲಂಡನ್ನಿನ ಎರಡು ಬೆಡ್‌ರೂಮಿನ ಫ್ಲಾಟಿಗೆ ಕೊಡುವ ಬಾಡಿಗೆಯಲ್ಲಿ, ರೈಲು ನಿಲ್ಲುವ ಹಳ್ಳಿಯೊಂದರಲ್ಲಿ ಮೂರು ಬೆಡ್‌ರೂಮು, ಹಿತ್ತಲು ಇರುವ ಮನೆ ಸಿಗುತ್ತದಂತೆ. ಹೋಗಬಹುದಾ?

ಹೋಗಬಹುದು. ಆದರೆ ಎಲ್ಲ ಹಳ್ಳಿಯೂ ಆಗುವುದಿಲ್ಲ, ಹಳ್ಳಿಯ ಎಲ್ಲ ಮನೆಯೂ ಆಗುವುದಿಲ್ಲ. ನಾವು ಬಕಿಂಗ್‌ಹ್ಯಾಮ್‌ಶೈರಿನ ಹ್ಯಾಡೆನ್‌ಹ್ಯಾಮ್‌ನಲ್ಲಿ ಬಾಡಿಗೆಗೆ ಇದ್ದೇವೆ. ದಿನಾ ರೈಲು ಹತ್ತುವವರು ನಮ್ಮ ಯಜಮಾನರು. ಮನೆ, ಮಕ್ಕಳು, ಮನೆಯಿಂದಲೇ ಮಾಡುವ ಅರ್ಧ ದಿನದ ಕೆಲಸ ನನ್ನದು. ಇಂಥ ಕಡೆ ಮನೆ ಹುಡುಕುವಾಗ ಎಲ್ಲರೂ ರೈಲಿನ ಟೈಮ್ ನೋಡುತ್ತಾರೆ. ಹಗಲೆಲ್ಲ ಅಲ್ಲೇ ಇರುವವರ ದಿನ ಹೇಗೆ ಸಾಗುತ್ತೆ ಅಂತ ಯಾರೂ ಕೇಳುವುದಿಲ್ಲ. ಚಳಿಗಾಲದಲ್ಲಿ ನೀವು ಆಫೀಸಿಗೆ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುತ್ತೀರಿ. ಜನವರಿಯ ಮಳೆಯಲ್ಲಿ ಮಗನನ್ನು ಶಾಲೆಗೆ ಬಿಟ್ಟು, ಮಗಳನ್ನು ಕೈಯಲ್ಲಿ ಹಿಡಿದುಕೊಂಡು ಹಾಲು, ತರಕಾರಿ ತಂದು, ಡಾಕ್ಟರ ಹತ್ತಿರ ಹೋಗಿ ಬರುವವರು ನಿಮ್ಮ ಮನೆಯವರು. ಹಾಗಾಗಿ ಮನೆ ಯಾವುದು ಅನ್ನುವ ಕೊನೆಯ ಮಾತು ಅವರದ್ದೇ ಆಗಿರಲಿ. ನಾನು ಮುಂದೆ ಬರೆಯುವುದೆಲ್ಲ ಈ ದೃಷ್ಟಿಯಿಂದಲೇ.

ಮೊದಲು ರೈಲಿನ ವಿಷಯ ಮುಗಿಸಿಬಿಡುತ್ತೇನೆ. ಲಂಡನ್ನಿಗೆ ಒಂದೊಂದು ದಿಕ್ಕಿನ ರೈಲು ಒಂದೊಂದು ಸ್ಟೇಷನ್ನಿಗೆ ಬಂದು ನಿಲ್ಲುತ್ತದೆ. ನಮ್ಮ ಕಡೆಯ ಚಿಲ್ಟರ್ನ್ ರೈಲು ಮ್ಯಾರಿಲಬೋನ್‌ಗೆ ಹೋಗುತ್ತದೆ. ಬರ್ಕ್‌ಶೈರ್ ಕಡೆಯದು ಪ್ಯಾಡಿಂಗ್ಟನ್‌ಗೆ. ಕೆಂಟ್‌ನ ಮಾರ್ಡನ್, ಸ್ಟೇಪಲ್‌ಹರ್ಸ್ಟ್, ಹೆಡ್‌ಕಾರ್ನ್ ಹಳ್ಳಿಗಳಿಂದ ಲಂಡನ್ ಬ್ರಿಡ್ಜ್ ಕಡೆಗೆ. ಆದ್ದರಿಂದ ಆಫೀಸಿಗೆ ಯಾವ ಸ್ಟೇಷನ್ ಅನುಕೂಲ ಅಂತ ಮೊದಲು ನೋಡಿ, ಆ ಲೈನಿನ ಮೇಲಿರುವ ಹಳ್ಳಿಗಳನ್ನು ಮಾತ್ರ ಹುಡುಕಿ. ಹ್ಯಾಡೆನ್‌ಹ್ಯಾಮ್‌ನಿಂದ ವೇಗದ ರೈಲಿಗೆ ಸುಮಾರು 40 ನಿಮಿಷ. ಆದರೆ ಮ್ಯಾರಿಲಬೋನ್‌ನಲ್ಲಿ ಟ್ಯೂಬ್, ಅಂದರೆ ಲಂಡನ್ನಿನ ಮೆಟ್ರೊ, ಬೇಕರ್‌ಲೂ ಅನ್ನುವ ಲೈನ್ ಒಂದೇ ಇರುವುದು. ಆಫೀಸು ಕೆನರಿ ವಾರ್ಫ್‌ನಲ್ಲಿದ್ದರೆ ಅಲ್ಲಿಂದ ಮತ್ತೆ ಟ್ಯೂಬ್ ಬದಲಿಸಬೇಕು. ಅದೇ ಬರ್ಕ್‌ಶೈರಿನ ಟ್ವೈಫರ್ಡ್‌ನಲ್ಲಿ ಹತ್ತಿದರೆ 2022ರ ನವೆಂಬರ್‌ನಿಂದ ಎಲಿಜಬೆತ್ ಲೈನಿನಲ್ಲಿ ಒಂದೇ ರೈಲಿನಲ್ಲಿ ಕೂತು ಹೋಗಬಹುದು, ಸ್ವಲ್ಪ ನಿಧಾನ ಅಷ್ಟೇ. ಟಿಕೆಟ್ ಖರ್ಚನ್ನು ಬಾಡಿಗೆಗೆ ಸೇರಿಸಿಯೇ ಲೆಕ್ಕ ಹಾಕಿ, ಇಲ್ಲದಿದ್ದರೆ ಹಳ್ಳಿ ಅಗ್ಗ ಅನ್ನುವುದು ಬರೀ ಭ್ರಮೆ. ಫ್ಲೆಕ್ಸಿ ಸೀಸನ್ ಅಂತ ಒಂದು ಪಾಸ್ ಇದೆ, 28 ದಿನಗಳಲ್ಲಿ ಯಾವುದಾದರೂ 8 ದಿನ ಓಡಾಡಬಹುದು. ವಾರಕ್ಕೆ ಎರಡು ದಿನ ಹೋಗುವವರಿಗೆ ಹೇಳಿ ಮಾಡಿಸಿದ್ದು. ನಿಮ್ಮದು ಮೂರು ದಿನ, ಹಾಗಾಗಿ ವರ್ಷದ ಪಾಸಿನ ಜೊತೆ ಹೋಲಿಸಿ ನೋಡಿ.

ಇನ್ನು ಮನೆಯಿಂದ ಸ್ಟೇಷನ್ನಿಗೆ ನಡೆಯುವ ದಾರಿ. ಜಾಹೀರಾತಿನಲ್ಲಿ 'ಸ್ಟೇಷನ್ 1.2 ಮೈಲಿ' ಅಂತ ಇರುತ್ತದೆ. ಅದು ಹಕ್ಕಿ ಹಾರಿದ ನೇರದ ದೂರ ಇರಬಹುದು. ಇಂಗ್ಲೆಂಡಿನ ಎಷ್ಟೋ ಹಳ್ಳಿ ರಸ್ತೆಗಳಿಗೆ ಫುಟ್‌ಪಾತ್ ಇಲ್ಲ, ಎರಡೂ ಕಡೆ ಎತ್ತರದ ಬೇಲಿ ಗಿಡ, ಮಧ್ಯೆ ಒಂದು ಕಾರು ಹೋಗುವಷ್ಟು ಜಾಗ. ಕೆಲವು ಹಳ್ಳಿಗಳಲ್ಲಿ ಬೀದಿ ದೀಪವೇ ಇಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆ ಸೂರ್ಯ ಮುಳುಗುತ್ತಾನೆ, ಅಂದರೆ ಶಾಲೆ ಬಿಟ್ಟು ಮಕ್ಕಳು ಮನೆ ಸೇರುವ ಹೊತ್ತಿಗೆ ಕತ್ತಲು. ಮನೆ ನೋಡಲು ಹಗಲು ಹೋದರೂ, ಸಂಜೆ ಇನ್ನೊಮ್ಮೆ ಶಾಲೆಯಿಂದ ಮನೆಗೆ, ಸ್ಟೇಷನ್ನಿನಿಂದ ಮನೆಗೆ ನಡೆದು ನೋಡಿ. ಫುಟ್‌ಪಾತ್ ಎಲ್ಲಿ ನಿಂತುಹೋಗುತ್ತದೆ ಅಂತ ಗೊತ್ತಾಗುವುದು ಆಗಲೇ. ಶಾಲೆ, ದಿನಸಿ ಅಂಗಡಿ, ಡಾಕ್ಟರು, ಸ್ಟೇಷನ್, ಈ ನಾಲ್ಕರಲ್ಲಿ ಮೂರಕ್ಕಾದರೂ ಮಗುವಿನ ಜೊತೆ ನಡೆದು ಹೋಗುವಂತಿರಬೇಕು. ಇದಕ್ಕಾಗಿ ಒಂದು ರೂಮು ಕಡಿಮೆಯಾದರೂ ಪರವಾಗಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾರು ಬೇಕೇ ಬೇಕಾಗುತ್ತದೆ. ಹಳ್ಳಿಯ ಬಸ್ಸು ಸಂಜೆಯ ಮೇಲೆ ಅಪರೂಪ, ಭಾನುವಾರ ಎಷ್ಟೋ ಕಡೆ ಇರುವುದೇ ಇಲ್ಲ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ 12 ತಿಂಗಳು ಓಡಿಸಬಹುದು, ಆಮೇಲೆ ಇಲ್ಲಿನ ಥಿಯರಿ ಮತ್ತು ರಸ್ತೆ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯ ಡೇಟ್ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬಂದ ಕೂಡಲೇ ಇಬ್ಬರೂ ಪ್ರೊವಿಷನಲ್ ಲೈಸೆನ್ಸಿಗೆ, ಅಂದರೆ ನಮ್ಮ ಎಲ್‌ಎಲ್ ಥರದ್ದಕ್ಕೆ, ಅರ್ಜಿ ಹಾಕಿ. ಇಬ್ಬರೂ ಅಂತ ಒತ್ತಿ ಹೇಳುತ್ತಿದ್ದೇನೆ. ಗಂಡನಿಗೆ ಮಾತ್ರ ಕಾರು ಬರುವ, ಗಂಡ ಮಾತ್ರ ಊರಿಗೆ ಹೋಗುವ ಮನೆಯಲ್ಲಿ ಹೆಂಡತಿ ಒಳಗೇ ಉಳಿದುಬಿಡುತ್ತಾಳೆ. ಇಲ್ಲಿಗೆ ಬಂದ ಎಷ್ಟೋ ಹೆಣ್ಣುಮಕ್ಕಳು ಈ ಸಂಕಟ ಹೇಳಿಕೊಳ್ಳುವುದನ್ನು ಕೇಳಿದ್ದೇನೆ.

ಈಗ ಹಣ ಮತ್ತು ಕಾನೂನು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. 2019ರ ಕಾನೂನಿನ ಪ್ರಕಾರ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಡೆಪಾಸಿಟ್ ಐದು ವಾರದ ಬಾಡಿಗೆ ಮೀರುವಂತಿಲ್ಲ. ಮನೆ ಹಿಡಿದಿಡಲು ಕೊಡುವ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ್ದು ಮಾತ್ರ. ಬಾಡಿಗೆ ತಿಂಗಳಿಗೆ 1,800 ಪೌಂಡ್ ಅಂದುಕೊಳ್ಳಿ. ವರ್ಷಕ್ಕೆ 21,600, ಅದನ್ನು 52ರಿಂದ ಭಾಗಿಸಿದರೆ ವಾರಕ್ಕೆ 415 ಪೌಂಡ್ ಚಿಲ್ಲರೆ. ಹೋಲ್ಡಿಂಗ್ ಅಷ್ಟು, ಪೂರ್ತಿ ಡೆಪಾಸಿಟ್ 2,077 ಪೌಂಡಿಗಿಂತ ಸ್ವಲ್ಪ ಕಡಿಮೆ. ಏಜೆಂಟ್ ಕಮಿಷನ್, ಅಗ್ರಿಮೆಂಟ್ ಫೀಸು, ಕ್ರೆಡಿಟ್ ಚೆಕ್ ಫೀಸು ಅಂತ ಬಾಡಿಗೆದಾರರಿಂದ ಕೇಳುವಂತಿಲ್ಲ. ಡೆಪಾಸಿಟ್ಟನ್ನು ಓನರ್ 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಸ್ಕೀಮುಗಳಲ್ಲಿ ಒಂದರಲ್ಲಿ ಇಡಬೇಕು. ಇಡದಿದ್ದರೆ ಕೋರ್ಟು ಮೂರು ಪಟ್ಟಿನವರೆಗೂ ನಿಮಗೆ ಕೊಡಿಸಬಹುದು. ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಕಣ್ಣುಮುಚ್ಚಿ ಹಿಡಿಯುವ ಪದ್ಧತಿ ಇಲ್ಲ. ದಿನಬಳಕೆಯ ಸವೆತಕ್ಕೆ ದುಡ್ಡು ಕೇಳುವಂತಿಲ್ಲ, ಹಾಳು ಮಾಡಿದ್ದಕ್ಕೆ ಮಾತ್ರ.

2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಬಾಡಿಗೆ ಕಾನೂನು ತುಂಬಾ ಬದಲಾಗಿದೆ. ಹಳೆಯ ಸಲಹೆಗಳನ್ನು ಓದಿ ಬಂದರೆ ಗೊಂದಲವಾಗುತ್ತದೆ. ಮೊದಲು ಹೊಸದಾಗಿ ಬಂದವರು ಇಲ್ಲಿ ಕ್ರೆಡಿಟ್ ಹಿಸ್ಟರಿ ಇಲ್ಲ ಅಂತ ಆರು ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಟು ಮನೆ ಹಿಡಿಯುತ್ತಿದ್ದರು. ಈಗ ಓನರ್ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಬಾಡಿಗೆ ಕೇಳುವಂತಿಲ್ಲ. ಕೇಳಲು ಒಳ್ಳೆಯದೇ, ಆದರೆ ನಮ್ಮಂಥವರಿಗೆ ಇದ್ದ ಒಂದು ದಾರಿ ಮುಚ್ಚಿದೆ. ಹಾಗಾಗಿ ಕಂಪನಿಯಿಂದ ಸಂಬಳದ ಪತ್ರ ಗಟ್ಟಿಯಾಗಿ ಬರೆಸಿಕೊಳ್ಳಿ. ವರ್ಷದ ಸಂಬಳ ತಿಂಗಳ ಬಾಡಿಗೆಯ ಮೂವತ್ತು ಪಟ್ಟು ಇರಬೇಕು ಅನ್ನುವುದು ಏಜೆಂಟರ ಸಾಮಾನ್ಯ ಲೆಕ್ಕ, 1,800ಕ್ಕೆ 54,000. ಇಲ್ಲೇ ಇರುವ ಬಂಧುಗಳೋ ಗೆಳೆಯರೋ ಗ್ಯಾರಂಟರ್ (ನೀವು ಬಾಡಿಗೆ ಕಟ್ಟದಿದ್ದರೆ ಕಟ್ಟುವ ಜಾಮೀನುದಾರ) ಆಗುತ್ತಾರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಜಾಹೀರಾತಿನಲ್ಲಿ ಹಾಕಿದ ಬಾಡಿಗೆಗಿಂತ ಹೆಚ್ಚು ಕೊಡುತ್ತೇನೆ ಅಂದರೂ ಅವರು ತೆಗೆದುಕೊಳ್ಳುವಂತಿಲ್ಲ. ಮಕ್ಕಳಿದ್ದಾರೆ ಅಂತ ಮನೆ ನಿರಾಕರಿಸುವಂತಿಲ್ಲ. ಕಾರಣ ಕೊಡದೆ ಖಾಲಿ ಮಾಡಿಸುವ ಹಳೆಯ ಸೆಕ್ಷನ್ 21 ನೋಟಿಸು ಹೋಗಿದೆ. ಓನರ್ ಮನೆ ಮಾರಬೇಕು ಅಥವಾ ತಾವೇ ಬಂದು ಇರಬೇಕು ಅಂದರೆ ಮೊದಲ ಒಂದು ವರ್ಷ ಬಿಡಿಸುವಂತಿಲ್ಲ, ಆಮೇಲೂ ನಾಲ್ಕು ತಿಂಗಳ ನೋಟಿಸು ಕೊಡಬೇಕು. ನೀವು ಬಿಡುವುದಾದರೆ ಎರಡು ತಿಂಗಳ ನೋಟಿಸು ಸಾಕು. ಮಗುವನ್ನು ಶಾಲೆಗೆ ಸೇರಿಸಿದ ಸಂಸಾರಕ್ಕೆ ಈ ಬದಲಾವಣೆ ಎಷ್ಟು ದೊಡ್ಡ ನೆಮ್ಮದಿ ಅಂತ ಹೇಳಲಾರೆ.

ಭಾರತದಲ್ಲಿ ಕೂತು ಫೋಟೋ ನೋಡಿ ದುಡ್ಡು ಕಳಿಸಬೇಡಿ. ಮೊದಲು ಕೆಲವು ವಾರ ತಾತ್ಕಾಲಿಕ ಮನೆಯಲ್ಲಿದ್ದು, ಕಣ್ಣಾರೆ ನೋಡಿ ಒಪ್ಪಿಕೊಳ್ಳಿ. ವೀಸಾ ಪರಿಶೀಲನೆಗೆ ದೊಡ್ಡವರಿಬ್ಬರದ್ದೂ ಶೇರ್ ಕೋಡ್, ಅಂದರೆ ನಿಮ್ಮ ವೀಸಾ ವಿವರ ಓನರ್ ನೋಡಲು ಸರ್ಕಾರದ ಸೈಟಿನಿಂದ ಪಡೆಯುವ ಕೋಡ್, ಬೇಕಾಗುತ್ತದೆ. ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಬಾಡಿಗೆಯಲ್ಲಿ ಸೇರಿರುವುದಿಲ್ಲ, ಅದನ್ನು ಕಟ್ಟುವುದು ನೀವೇ. ತೆರಿಗೆ ಎಷ್ಟು ಅನ್ನುವುದು ಬ್ಯಾಂಡಿನ ಮೇಲೆ ಹೋಗುತ್ತದೆ, ಮನೆ ಎ ಇಂದ ಎಚ್‌ವರೆಗಿನ ಯಾವ ಬ್ಯಾಂಡಿನಲ್ಲಿದೆ ಅಂತ ಕೇಳಿ.

ಮನೆಯೊಳಗೆ ನೋಡಬೇಕಾದ್ದು ಇನ್ನೂ ಇದೆ. ತುಂಬಾ ಹಳ್ಳಿಗಳಿಗೆ ಗ್ಯಾಸ್ ಪೈಪು ಬಂದಿಲ್ಲ. ಹಿತ್ತಲಲ್ಲಿ ಹಸಿರು ಪ್ಲಾಸ್ಟಿಕ್ ಟ್ಯಾಂಕ್ ಇದ್ದರೆ ಅದು ಬಾಯ್ಲರ್‌ಗೆ ಎಣ್ಣೆ ತುಂಬುವ ಟ್ಯಾಂಕು, ಒಂಥರಾ ಸೀಮೆಎಣ್ಣೆ. ಸಾಮಾನ್ಯವಾಗಿ ಒಂದು ಸಲಕ್ಕೆ 500 ಲೀಟರ್ ಆದರೂ ತರಿಸಬೇಕು, ದುಡ್ಡು ಒಟ್ಟಿಗೇ ಹೋಗುತ್ತದೆ. ಮನೆಗೆ ಬಂದ ದಿನ ಟ್ಯಾಂಕಿನಲ್ಲಿ ಎಷ್ಟಿತ್ತು ಅಂತ ಇನ್ವೆಂಟರಿಯಲ್ಲಿ, ಅಂದರೆ ಮನೆಯ ಸಾಮಾನು, ಸ್ಥಿತಿಯ ಪಟ್ಟಿಯಲ್ಲಿ ಬರೆಸಿ, ಬಿಡುವಾಗ ಜಗಳ ತಪ್ಪುತ್ತದೆ. ನದಿ ಹತ್ತಿರದ ಹಳ್ಳಿಯಾದರೆ ಸರ್ಕಾರದ ಸೈಟಿನಲ್ಲಿ ಪಿನ್‌ಕೋಡ್ ಹಾಕಿ ಪ್ರವಾಹದ ಅಪಾಯ ನೋಡಿ. ಥೇಮ್ಸ್ ದಡದ ರೇಸ್‌ಬರಿ 2014ರ ಫೆಬ್ರವರಿಯಲ್ಲಿ ನೀರಿನಲ್ಲಿ ಮುಳುಗಿತ್ತು.

ಹಳೇ ಮನೆಗಳು ನೋಡಲು ಎಷ್ಟು ಚೆಂದವೋ ಅಷ್ಟೇ ಜೋಪಾನ ಬೇಡುತ್ತವೆ. ನಮ್ಮ ಹ್ಯಾಡೆನ್‌ಹ್ಯಾಮ್ ವಿಚರ್ಟ್ ಅನ್ನುವ ಗೋಡೆಗೆ ಹೆಸರಾದ ಊರು. ಇಲ್ಲಿನ ಬಿಳಿ ಮಣ್ಣಿಗೆ ಹುಲ್ಲು ಸೇರಿಸಿ ತುಳಿದು, ಕಲ್ಲಿನ ತಳಪಾಯದ ಮೇಲೆ ಪದರ ಪದರವಾಗಿ ಏರಿಸಿದ ಗೋಡೆ, ಮೇಲೆ ಹೆಂಚಿನ ಟೋಪಿ. ನಮ್ಮ ಉತ್ತರ ಕರ್ನಾಟಕದ ಹಳೇ ಮಣ್ಣಿನ ಮನೆಗಳ ಹಾಗೇನೇ, ಈ ಗೋಡೆಗೂ ಗಾಳಿಯಾಡಬೇಕು. ಯಾರಾದರೂ ಮೇಲೆ ಸಿಮೆಂಟ್ ಬಳಿದಿದ್ದರೆ ತೇವ ಒಳಗೇ ಉಳಿದುಬಿಡುತ್ತದೆ. ಹಳೇ ಮನೆ ನೋಡುವಾಗ ಬೀರು ಸ್ವಲ್ಪ ಸರಿಸಿ ಹಿಂದಿನ ಗೋಡೆ ಮುಟ್ಟಿ ನೋಡಿ, ಕಿಟಕಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಇದೆಯಾ ನೋಡಿ. ಹೊಸದಾಗಿ ಒಂದೇ ಗೋಡೆಗೆ ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಲಿಸ್ಟೆಡ್ (ಸರ್ಕಾರ ಸಂರಕ್ಷಿಸಿದ ಹಳೆಯ) ಕಟ್ಟಡವಾದರೆ ಓನರ್ ಕೂಡ ಅನುಮತಿ ಇಲ್ಲದೆ ಕಿಟಕಿ ಬದಲಿಸುವಂತಿಲ್ಲ, ಅಂದರೆ ಒಂಟಿ ಗಾಜಿನ ಕಿಟಕಿಯ ಚಳಿ ನಿಮಗೆ ಖಾಯಂ. ಸಣ್ಣ ಮಕ್ಕಳಿದ್ದಾಗ ಮೊದಲ ಚಳಿಗಾಲಕ್ಕೆ ಇತ್ತೀಚೆಗೆ ಕಟ್ಟಿದ ಮನೆಯೇ ಒಳ್ಳೆಯದು.

ಅಡುಗೆ ಮನೆಯಲ್ಲಿ ಒಲೆಯ ಮೇಲಿನ ಫ್ಯಾನ್ ಆನ್ ಮಾಡಿಸಿ, ಗಾಳಿ ಹೊರಗೆ ಹೋಗುತ್ತದಾ ಅಥವಾ ಸುಮ್ನೆ ಒಳಗೇ ತಿರುಗುತ್ತದಾ ಅಂತ ನೋಡಿ. ದಿನಾ ಒಗ್ಗರಣೆ ಹಾಕುವ ಮನೆಗೆ ಇದು ಮುಖ್ಯ. ಸ್ಲ್ಯಾಬು ಬಿಳಿಯದಾದರೆ ಅರಿಶಿನ ಬಿದ್ದ ಕೂಡಲೇ ಒರೆಸಿ, ಡೆಪಾಸಿಟ್ಟಿನಲ್ಲಿ ಕಡಿತವಾಗುವುದು ಇಂಥ ಕಲೆಗಳಿಗೇ. ಮನೆ ಹೆಚ್ಚಾಗಿ ಖಾಲಿ ಸಿಗುತ್ತದೆ. ಫ್ರಿಜ್, ವಾಷಿಂಗ್ ಮೆಷಿನ್ ಇದೆಯಾ ಕೇಳಿ. ಕೀಲಿ ಕೈಗೆ ಬಂದ ದಿನವೇ ಪ್ರತಿ ರೂಮಿನ ಫೋಟೋ ತೆಗೆದು ಏಜೆಂಟಿಗೆ ಈಮೇಲ್ ಮಾಡಿ.

ದಿನಸಿಯ ಚಿಂತೆ ಬೇಡ. ಹಳ್ಳಿಯ ಅಂಗಡಿಯಲ್ಲಿ ಕೊತ್ತಂಬರಿ, ಹಸಿಮೆಣಸಿನಕಾಯಿ ಸಿಗುತ್ತದೆ. ಸೋನಾ ಮಸೂರಿ, ರಾಗಿ ಹಿಟ್ಟು, ಕರಿಬೇವಿಗೆ ನಾವು ಆಗಾಗ ವೆಂಬ್ಲಿಯ ಈಲಿಂಗ್ ರೋಡಿಗೆ ಹೋಗುತ್ತೇವೆ. ಕನ್ನಡದ ಮಾತು ಕೇಳಲು ಕನ್ನಡ ಬಳಗ ಯುಕೆಯ ಯುಗಾದಿ, ದೀಪಾವಳಿ ಕಾರ್ಯಕ್ರಮಗಳಿವೆ. ಊರಿನವರ ಜೊತೆ ಬೆರೆಯಲು ಶಾಲೆಯ ಗೇಟೇ ಒಳ್ಳೆಯ ಜಾಗ, ನಿಮ್ಮ ಮನೆಯವರಿಗೆ ಮೊದಲ ಗೆಳತಿಯರು ಅಲ್ಲೇ ಸಿಗುತ್ತಾರೆ.

ಶಾಲೆಯ ವಿಷಯ ಕೊನೆಗೆ ಇಟ್ಟಿದ್ದೇನೆ, ಆದರೆ ನಿಮ್ಮ ಮಕ್ಕಳ ವಯಸ್ಸಿಗೆ ಹಳ್ಳಿಯನ್ನು ತೀರ್ಮಾನಿಸುವುದೇ ಇದು. ಸರ್ಕಾರಿ ಶಾಲೆ ವೀಸಾದಲ್ಲಿ ಬಂದವರ ಮಕ್ಕಳಿಗೂ ಉಚಿತ. ಮಗಳಿಗೆ ಆಗಸ್ಟ್ 31ರೊಳಗೆ ನಾಲ್ಕು ತುಂಬಿದರೆ ಆ ಸೆಪ್ಟೆಂಬರ್‌ಗೆ ರಿಸೆಪ್ಷನ್, ಅಂದರೆ ಶಾಲೆಯ ಮೊದಲ ತರಗತಿ, ಸೇರಬಹುದು. ಅದಕ್ಕೆ ಅರ್ಜಿ ಹಾಕುವ ಗಡುವು ಜನವರಿ 15. ಗಡುವು ದಾಟಿ ಬಂದರೆ ಸೀಟು ಉಳಿದಿರುವ ಶಾಲೆಗೆ ಹೋಗಬೇಕಾಗುತ್ತದೆ. ಹಳ್ಳಿಯಲ್ಲಿ ಶಾಲೆ ಒಂದೋ ಎರಡೋ ಇರುವುದು, ತುಂಬಿದ್ದರೆ ಪಕ್ಕದ ಊರಿಗೆ ಓಡಾಟ. ಅದಕ್ಕೇ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಶಾಲೆಯ ಆಫೀಸಿಗೆ ಫೋನ್ ಮಾಡಿ, ಇಬ್ಬರ ತರಗತಿಯಲ್ಲೂ ಜಾಗ ಇದೆಯಾ ಕೇಳಿ. ತುಂಬಾ ಚೆನ್ನಾಗಿ ಮಾತಾಡುತ್ತಾರೆ, ಸಂಕೋಚ ಬೇಡ.

ಮಗನ ವಿಷಯದಲ್ಲಿ ಜಿಲ್ಲೆ ಯಾವುದು ಅನ್ನುವುದು ಮುಖ್ಯ. ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಇನ್ನೂ ಗ್ರಾಮರ್ ಶಾಲೆಗಳು, ಅಂದರೆ ಪರೀಕ್ಷೆಯಲ್ಲಿ ಆಯ್ದ ಮಕ್ಕಳನ್ನು ಸೇರಿಸಿಕೊಳ್ಳುವ ಸರ್ಕಾರಿ ಸೆಕೆಂಡರಿ ಶಾಲೆಗಳು ಇವೆ, ನಮಗೆ ಹತ್ತಿರದ ಐಲ್ಸ್‌ಬರಿಯಲ್ಲೇ ಮೂರಿವೆ. ಅವಕ್ಕೆ ಇಲೆವೆನ್ ಪ್ಲಸ್ ಅನ್ನುವ ಪರೀಕ್ಷೆ, ಪ್ರೈಮರಿಯ ಕೊನೆಯ ತರಗತಿಯಾದ ಇಯರ್ 6 ಶುರುವಾಗುವ ಸೆಪ್ಟೆಂಬರ್‌ನಲ್ಲೇ ನಡೆಯುತ್ತದೆ. ನಮ್ಮಿಂದ ಕೆಲವೇ ಮೈಲಿ ಆಚೆಯ ಥೇಮ್ ಆಕ್ಸ್‌ಫರ್ಡ್‌ಶೈರಿಗೆ ಸೇರಿದ್ದು, ಆ ಜಿಲ್ಲೆಯಲ್ಲಿ ಸರ್ಕಾರಿ ಗ್ರಾಮರ್ ಶಾಲೆ ಇಲ್ಲ, ಸರ್ಕಾರಿ ಶಾಲೆಯ ಮಕ್ಕಳನ್ನು ಹೀಗೆ ಪರೀಕ್ಷೆಯಿಂದ ಬೇರೆ ಮಾಡುವುದಿಲ್ಲ. ಎರಡೂ ಊರಿನವರು ಹತ್ತುವುದು ಒಂದೇ ಸ್ಟೇಷನ್ನಿನಲ್ಲಿ. ಭಾರತದಿಂದ ಆಗತಾನೇ ಬಂದ ಹುಡುಗ ಹೊಸ ಶಾಲೆ, ಹೊಸ ಉಚ್ಚಾರಣೆಗೆ ಹೊಂದಿಕೊಳ್ಳುತ್ತಲೇ ಆ ಪರೀಕ್ಷೆ ಬರೆಯುವುದು ಬೇಕಾ ಅಂತ ಮನೆಯಲ್ಲಿ ಮಾತಾಡಿ. ಬೇಡ ಅನ್ನಿಸಿದರೆ ಗಡಿಯ ಆ ಕಡೆ ಮನೆ ಹುಡುಕಿ. ಸೆಕೆಂಡರಿ ಶಾಲೆಯ ಅರ್ಜಿಗೆ ಇಯರ್ 6ರ ಅಕ್ಟೋಬರ್ 31 ಕೊನೆಯ ದಿನ, ಎರಡೂ ಜಿಲ್ಲೆಗೂ ಅದೇ.