ಹಾಟ್‌ಸ್ಪಾಟ್‌ಗೆ ಬಂದ ಕೂಡಲೇ ಮೇಲ್ ಸರ್ವರ್ ಮಾಯ

ಪ್ರಶ್ನೆ: ತೋಟದ ಮನೆಗೆ ಫೈಬರ್ ಇಂಟರ್‌ನೆಟ್ ಇದೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ಹರಿದಾಗ ವಿಂಡೋಸ್ 11 ಲ್ಯಾಪ್‌ಟಾಪಿಗೆ ಫೋನಿನ ವೈ-ಫೈ ಹಾಟ್‌ಸ್ಪಾಟ್ ಕೊಡುತ್ತೇವೆ. ಬ್ರೌಸರ್‌ನಲ್ಲಿ ಎಲ್ಲ ತೆರೆಯುತ್ತದೆ, ಮೇಲ್ ನೋಡುವ ತಂತ್ರಾಂಶ ಥಂಡರ್‌ಬರ್ಡ್ ಮಾತ್ರ ಸರ್ವರ್ ಸಿಗಲಿಲ್ಲ ಎನ್ನುತ್ತದೆ. ಅದೇ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದರೆ ಮೇಲ್ ಬರುತ್ತದೆ. ಪಾಸ್‌ವರ್ಡ್ ಬದಲಿಸಿಯೂ ನೋಡಿದೆವು. ಏನು ಮಾಡುವುದು?
– ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ

ಉತ್ತರ: ಪಾಸ್‌ವರ್ಡ್ ಮುಟ್ಟಬೇಡಿ. ಸರ್ವರ್ ಸಿಕ್ಕಮೇಲಲ್ಲವೇ ಪಾಸ್‌ವರ್ಡಿನ ಮಾತು! ಕೇಬಲ್ ವಿಷಯ ಬರೆದಿದ್ದು ಬಹಳ ಒಳ್ಳೆಯದಾಯಿತು, ಸುಳಿವು ಅದರಲ್ಲೇ ಇದೆ. ವಿಂಡೋಸ್‌ಗೆ ವೈ-ಫೈ, ಯುಎಸ್‌ಬಿ ಎರಡೂ ಬೇರೆ ಬೇರೆ ಅಡಾಪ್ಟರ್, ಅಂದರೆ ನೆಟ್‌ಗೆ ಹೋಗುವ ಬೇರೆ ಬೇರೆ ಬಾಗಿಲು; ಒಂದೊಂದಕ್ಕೂ ಅದರದೇ ಸೆಟ್ಟಿಂಗ್. ನಿಮ್ಮ ವೈ-ಫೈ ಅಡಾಪ್ಟರ್‌ಗೆ ಹಿಂದೆ ಯಾರೋ ಡಿಎನ್‌ಎಸ್ (ಸರ್ವರಿನ ಹೆಸರು ಕೇಳಿದರೆ ಅದರ ಐಪಿ ಸಂಖ್ಯೆ, ಅಂದರೆ ಅಂಕಿಯ ವಿಳಾಸ, ಹೇಳುವ ಸರ್ವರ್) ವಿಳಾಸವನ್ನು ಕೈಯಾರೆ ತುಂಬಿರಬೇಕು. ಸಾಮಾನ್ಯವಾಗಿ ತುಂಬುವುದು 192.168.1.1, ಅಂದರೆ ಮನೆಯ ರೂಟರ್. ನೀವು ಹಾಟ್‌ಸ್ಪಾಟ್‌ಗೆ ಹೋದರೂ ಆ ವಿಳಾಸ ಅಡಾಪ್ಟರ್‌ಗೆ ಅಂಟಿಕೊಂಡೇ ಇರುತ್ತದೆ; ಅಲ್ಲಿ ಆ ರೂಟರ್ ಇಲ್ಲ, ಹೆಸರು ಕೇಳಿದರೆ ಹೇಳುವವರಿಲ್ಲ. ಫೈಬರ್ ಕಂಪನಿಯ ಡಿಎನ್‌ಎಸ್ ತುಂಬಿದ್ದರೂ ಇದೇ ಪಾಡು, ಅಂಥ ಎಷ್ಟೋ ಸರ್ವರ್‌ಗಳು ತಮ್ಮ ಗ್ರಾಹಕರಿಗಷ್ಟೇ ಉತ್ತರಿಸುತ್ತವೆ. ಬ್ರೌಸರ್‌ನಲ್ಲಿ 'ಸೆಕ್ಯೂರ್ ಡಿಎನ್‌ಎಸ್' ಆನ್ ಆಗಿದ್ದರೆ ಅದು ತನ್ನದೇ ದಾರಿಯಲ್ಲಿ ಹೆಸರು ಹುಡುಕಿಕೊಳ್ಳುತ್ತದೆ. ಥಂಡರ್‌ಬರ್ಡ್ ವಿಂಡೋಸ್ ಹೇಳಿದ್ದನ್ನೇ ನಂಬುತ್ತದೆ.

ಖಾತ್ರಿ ಮಾಡಿಕೊಳ್ಳಲು ಹಾಟ್‌ಸ್ಪಾಟ್‌ನಲ್ಲಿರುವಾಗಲೇ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ 'ಎನ್‌ಎಸ್‌ಲುಕಪ್' ಎಂದು ಬರೆದು, ಜಾಗ ಬಿಟ್ಟು ನಿಮ್ಮ ಮೇಲ್ ಸರ್ವರ್ ಹೆಸರು ಕೊಡಿ. 'ಟೈಮ್ಡ್ ಔಟ್' ಎಂದು ಬಂದರೆ, ಅದೇ ಸಾಲಿನ ಕೊನೆಗೆ 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್) ಸೇರಿಸಿ ಮತ್ತೆ ಕೇಳಿ. ಈಗ ವಿಳಾಸ ಬಂದರೆ ಮೇಲ್ ಸರ್ವರಿನ ಹೆಸರು ಸರಿಯಿದೆ, ಕೇಳುತ್ತಿದ್ದ ಜಾಗ ತಪ್ಪು.

ಸರಿಪಡಿಸಲು: ವಿಂಡೋಸ್ ಕೀ ಮತ್ತು ಆರ್ ಒತ್ತಿ 'ಎನ್‌ಸಿಪಿಎ ಡಾಟ್ ಸಿಪಿಎಲ್' ತೆರೆಯಿರಿ. ವೈ-ಫೈ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇಂಟರ್‌ನೆಟ್ ಪ್ರೊಟೊಕಾಲ್ ವರ್ಷನ್ 4, ಮತ್ತೆ ಪ್ರಾಪರ್ಟೀಸ್. ಕೆಳಗಿನ ಭಾಗದಲ್ಲಿ ಡಿಎನ್‌ಎಸ್ ವಿಳಾಸ ತಾನಾಗಿ ಪಡೆಯುವ ಆಯ್ಕೆ ಗುರುತಿಸಿ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್' ಕೊಟ್ಟು ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ. ಅದರ ಕೆಳ ಎಡಮೂಲೆಯ ಗುರುತು ಆಫ್‌ಲೈನ್ ತೋರಿಸುತ್ತಿಲ್ಲವೇ ನೋಡಿ.

ಸರ್ವರ್ ಹೆಸರಿನ ಬದಲು ಐಪಿ ಸಂಖ್ಯೆ ಬರೆದುಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸರ್ವರ್ ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್ ಇರುವುದು ಹೆಸರಿಗೆ, ಸಂಖ್ಯೆ ಕೊಟ್ಟರೆ ಎಚ್ಚರಿಕೆ ಬರುತ್ತದೆ. ಸಂಖ್ಯೆ ನಾಳೆ ಬದಲಾಗಲೂಬಹುದು. ಹೆಸರು ಸಿಕ್ಕೂ ಮೇಲ್ ಹೊರಗೆ ಹೋಗದಿದ್ದರೆ ಎಸ್‌ಎಂಟಿಪಿ (ಮೇಲ್ ಕಳಿಸುವ) ಸೆಟ್ಟಿಂಗಿನಲ್ಲಿ ಪೋರ್ಟ್ 25 ಇದೆಯೇ ನೋಡಿ, ಇದ್ದರೆ 587 ಅಥವಾ 465 ಹಾಕಿ.

ಪ್ರಶ್ನೆ: ಆಫೀಸಿನ ಉಬುಂಟು ಯಂತ್ರದಲ್ಲಿ ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್ ಇದೆ. ಎರಡನೇ ಇಂಟರ್‌ನೆಟ್‌ಗೆ ಬದಲಾದರೆ ಪಿಂಗ್ ಹೋಗುತ್ತದೆ, ಮೇಲ್ ಕ್ಯೂನಲ್ಲೇ ಉಳಿಯುತ್ತದೆ.
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಪೋಸ್ಟ್‌ಫಿಕ್ಸ್ ಕ್ರೂಟ್‌ನೊಳಗೆ (ಹೊರಗಿನ ಫೈಲ್ ಕಾಣದಂತೆ ಒಂದೇ ಡೈರೆಕ್ಟರಿಗೆ ಸೀಮಿತವಾಗಿ) ಓಡುತ್ತಿದ್ದರೆ ಅದು ಓದುವುದು ತನ್ನ ಸ್ಪೂಲ್ (ಮೇಲ್ ಕ್ಯೂ ಇರುವ) ಡೈರೆಕ್ಟರಿಯೊಳಗಿನ 'ರಿಸಾಲ್ವ್ ಡಾಟ್ ಕಾನ್ಫ್' ನಕಲನ್ನು; ಯಾವ ಡಿಎನ್‌ಎಸ್ ಅನ್ನು ಕೇಳಬೇಕೆಂದು ಬರೆದಿರುವ ಫೈಲ್ ಅದು. ಅಸಲು ಬದಲಾದರೂ ನಕಲು ಹಳೆಯದೇ ಉಳಿದಿರುತ್ತದೆ. ಎರಡನ್ನೂ ತೆರೆದು ಹೋಲಿಸಿ. ವ್ಯತ್ಯಾಸವಿದ್ದರೆ ಅಸಲನ್ನು ನಕಲಿನ ಮೇಲೆ ಕಾಪಿ ಮಾಡಿ, ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿ, 'ಪೋಸ್ಟ್‌ಕ್ಯೂ -ಎಫ್' ಕೊಡಿ. ಕ್ಯೂ ಖಾಲಿಯಾಗುತ್ತದೆ.