ನಮ್ಮ ಕಂಪನಿ ಬಗ್ಗೆ ವಿಕಿಪೀಡಿಯದಲ್ಲಿ ನಾವೇ ಬರೆದರೆ ತಪ್ಪೇನು?

ಬರೆಯಲು ಹೋದರೆ ಸಾಮಾನ್ಯವಾಗಿ ಯಾರೂ ಬಾಗಿಲಲ್ಲೇ ತಡೆಯೋದಿಲ್ಲ, ಆದರೂ ನೇರವಾಗಿ ಬರೆಯಬೇಡಿ. ಸಂಬಳಕ್ಕೆ ಬರೆಯುತ್ತಿದ್ದರೆ ಅದನ್ನು ಹೇಳಲೇಬೇಕು. 2014ರಿಂದ ಇದು ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ನಿನ ಬಳಕೆಯ ನಿಯಮದಲ್ಲೇ ಇದೆ.

ತಪ್ಪಾಗೋದಕ್ಕೆ ನೀವು ಸುಳ್ಳೇ ಬರೆಯಬೇಕು ಅಂತೇನಿಲ್ಲ. ಪ್ರಕಟವಾಗುವ ಮುಂಚೆ ಪ್ರತಿಯೊಂದನ್ನೂ ಓದಿ ನೋಡುವ ಸಂಪಾದಕರು ಅಲ್ಲಿಲ್ಲ, ಹಾಗಾಗಿ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಅನ್ನೋದು ಬರೆಯುವವರ ಕೈಯಲ್ಲೇ ಇರುತ್ತದೆ. ತಮ್ಮದೇ ವಿಷಯ ಬಂದಾಗ ಪ್ರಾಮಾಣಿಕರೂ ಪ್ರಶಸ್ತಿಗಳಿಗೆ ಒಂದು ಪ್ಯಾರಾ ಕೊಟ್ಟು, ಕೋರ್ಟ್ ಕೇಸನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು, ಅಲ್ವಾ? ಇದೇ ಹಿತಾಸಕ್ತಿ ಸಂಘರ್ಷ.

ವಿಕಿಪೀಡಿಯ ಕಟ್ಟಿದ ಜಿಮ್ಮಿ ವೇಲ್ಸ್ ಅವರೇ 2005ರಲ್ಲಿ ತಮ್ಮ ಬಗೆಗಿನ ಲೇಖನವನ್ನು ತಿದ್ದಿ, ಲ್ಯಾರಿ ಸ್ಯಾಂಗರ್ ಸಹ-ಸ್ಥಾಪಕರು ಅನ್ನುವ ಮಾತನ್ನು ತೆಗೆದಿದ್ದರು. ಸುದ್ದಿಯಾದ ಮೇಲೆ, ಹಾಗೆ ಮಾಡಬಾರದಿತ್ತು ಅಂತ ಒಪ್ಪಿಕೊಳ್ಳಬೇಕಾಯಿತು. ಪ್ರತಿ ತಿದ್ದುಪಡಿಯೂ ಪುಟದ ಇತಿಹಾಸದಲ್ಲಿ ದಾಖಲಾಗುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಕದ್ದು ಬರೆದರೆ ಲೇಖನಕ್ಕಿಂತ ಅದೇ ದೊಡ್ಡ ಸುದ್ದಿ.

ಬದಲಿಗೆ ಲೇಖನದ ಚರ್ಚೆಪುಟಕ್ಕೆ ಹೋಗಿ, ನೀವು ಯಾರು ಅಂತ ಮೊದಲು ಹೇಳಿ, ಪತ್ರಿಕಾ ವರದಿಯಂಥ ಹೊರಗಿನ ಆಧಾರ ಕೊಟ್ಟು ಬದಲಾವಣೆ ಕೇಳಿ (ಕಂಪನಿಯ ಸ್ವಂತ ಜಾಹೀರಾತು ಪ್ರಕಟಣೆ ಸಾಲದು). ಬೇರೆಯವರು ಪರಿಶೀಲಿಸಿ ಸೇರಿಸುತ್ತಾರೆ, ಕೆಲವೊಮ್ಮೆ ಜಾಸ್ತಿ ದಿನ ಕಾಯಬೇಕಾಗುತ್ತದೆ. ಕಾಗುಣಿತ ತಪ್ಪೋ, ಕಿಡಿಗೇಡಿಗಳು ಬರೆದ ಬೈಗುಳವೋ ಇದ್ದರೆ ನೀವೇ ತೆಗೆದರೂ ಯಾರೂ ಗೊಣಗೋದಿಲ್ಲ.